ಬರಮಾಡಿಕೊಳ್ಳುವ ಮನೆ

12 ಜೂನ್ 2017

ಪ್ರೀತಿಯ ಅಕ್ಕ, ನನ್ನ ಏಚಿಗೆ,

ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಸಲ ಅಮ್ಮನನ್ನು ಕರೆದುಕೊಂಡು ನನ್ನನ್ನು ನೋಡಲು ಬರುವಾಗ ಜೈಲಿನ ಸ್ಟಾಪಿನಲ್ಲಿ ಇಳಿಯಬೇಡಿ. ಆಸ್ಪತ್ರೆಯ ಹತ್ತಿರ ಇಳಿದು ಹಿಂದಿನ ರಸ್ತೆಯಿಂದ ನಡೆದು ಬನ್ನಿ. ಅಮ್ಮನ ಮಂಡಿನೋವು ನನಗೆ ಗೊತ್ತು. ಆದರೂ ಹಾಗೇ ಮಾಡಿ.

ಕಾರಣ ಇಷ್ಟೆ. ಒಳಗೆ ಚಪಾತಿ ಲಟ್ಟಿಸಿಕೊಂಡಿದ್ದ ನನ್ನನ್ನು ಹೊರಗಿನ ಕೌಂಟರಿಗೆ ಹಾಕಿದ್ದಾರೆ. ಗೇಟಿನ ಪಕ್ಕ ತಗಡಿನ ಮಾಡು, ಮುಂದೆ ಕಂಬಿ, ಕಂಬಿಯಾಚೆ ನಮ್ಮೂರಿನ ಬಸ್ಸುಗಳೆಲ್ಲ ಹೋಗುವ ರಸ್ತೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಳಿ ಪಂಚೆ, ಬಿಳಿ ಅಂಗಿ ಹಾಕಿಕೊಂಡು, ಜೈಲಿನ ಚಪಾತಿ ಕೊಳ್ಳಲು ಬರುವ ಜನರಿಗೆ ಪ್ಯಾಕೆಟ್ ಕೊಡಬೇಕು. ಮುಖಕ್ಕೆ ಟವೆಲ್ ಕಟ್ಟಿಕೊಳ್ಳುವ ಹಾಗಿಲ್ಲ. ಸೂಪರಿಂಟೆಂಡೆಂಟ್ ಸಾಹೇಬರು ಬೆನ್ನು ತಟ್ಟಿ ಹೇಳಿದರು:

"ಇದು ಶಿಕ್ಷೆ ಅಲ್ಲ ನಿಕೇಶಾ, ನಂಬಿಕೆ. ಎದುರಿಗೇ ರಸ್ತೆ ಇದೆ. ಓಡೋನಾದ್ರೆ ಓಡು ಅಂತಾನೇ ನಿಲ್ಲಿಸಿರೋದು."

"ಓಡಬಹುದು ಸಾರ್, ಎಲ್ಲಿಗೆ ಅಂತ?" ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಮೊದಲ ದಿನವೇ ನಮ್ಮ ಶಾಲೆಯ ಗಣಿತದ ಮಾಷ್ ಬಂದರು. ನನ್ನನ್ನು ನೋಡಿದರು, ನೋಡದವರ ಹಾಗೆ ಪ್ಯಾಕೆಟ್ ತೆಗೆದುಕೊಂಡರು, ಚಿಲ್ಲರೆ ಮರೆತು ಹೋದರು. ಅವರ ಹಿಂದೆ ಇಬ್ಬರು ಹೆಂಗಸರಿದ್ದರು.

"ಇವನೇ ಅಲ್ವೇನೇ, ಮದುಮಗನ ಕೈ ಕಟ್ಟಿ ದೋಣಿಗೆ ಹಾಕಿ ಕೊಂದವ್ನು?"

"ಶ್! ಕೇಳಿಸ್ತದೆ."

"ಕೇಳಿಸ್ಲಿ ಬಿಡು. ನಾಲ್ಕು ಪ್ಯಾಕೆಟ್ ತಗೋ. ರಾತ್ರಿವರೆಗೂ ಮೆತ್ತಗಿರ್ತದಂತೆ."

ನಾನು ನಾಲ್ಕು ಪ್ಯಾಕೆಟ್ ಕೊಟ್ಟೆ ಏಚಿ. ನ್ಯಾಯಾಧೀಶರು ಏಳು ವರ್ಷ ಎಂದಾಗಲೂ ಹಾಗೆ ತಲೆ ತಗ್ಗಿಸಿರಲಿಲ್ಲ. ಜಿತೇಶನ ಮದುವೆಯ ದಿನ ಹೊಳೆಯ ದಡದಲ್ಲಿ ಊರೇ ನಿಂತು ನಕ್ಕಿತ್ತು. ಮದುಮಗನಿಗೆ ಗೆಳೆಯರು ಕೀಟಲೆ ಮಾಡದಿದ್ದರೆ ಅದು ನಮ್ಮ ಕಡೆ ಮದುವೆಯೇ ಅಲ್ಲವಲ್ಲ. ಆದರೆ ದೋಣಿ ಮಗುಚಿದಾಗ ಅವನು ಈಜಲಾಗದ ಹಾಗೆ ಗಂಟು ಹಾಕಿದ ಕೈ ನನ್ನದು. ಅದೇ ಕೈಯಿಂದ ಈಗ ಊರಿಗೆಲ್ಲ ಊಟ ಕೊಡುತ್ತಿದ್ದೇನೆ.

ಪರೋಲ್ ಅರ್ಜಿ ಮೂರನೆಯ ಸಲವೂ ತಿರುಗಿ ಬಂತು. ನನ್ನನ್ನು ಮನೆಗೆ ಬಿಡಬಹುದೇ ಎಂದು ಪೊಲೀಸರು ಊರಿಗೆ ಬಂದು ಕೇಳುತ್ತಾರಲ್ಲ, ಅಲ್ಲಿ ವಿರೋಧವಿದೆಯಂತೆ. ಯಾರದು ಎಂದು ಹೇಳುವುದಿಲ್ಲ. ಹೇಳಬೇಕೇ? ಬೇಲಿಯಾಚೆ ಇದ್ದೊಬ್ಬ ಮಗ ಜಿತೇಶನನ್ನು ಕಳೆದುಕೊಂಡು ಕೂತಿರುವ ಸೌಮಿನಿಯಮ್ಮ ಬೇಡ ಎಂದಿರುತ್ತಾರೆ. ಅವರ ಜಾಗದಲ್ಲಿ ನಮ್ಮಮ್ಮ ಇದ್ದರೂ ಹಾಗೇ ಹೇಳುತ್ತಿದ್ದಳು. ಆದರೂ ಒಮ್ಮೆ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಂಜಿ ಕುಡಿಯಬೇಕು ಅನ್ನಿಸುತ್ತದೆ. ಬೇರೇನೂ ಬೇಡ.

ನಿನ್ನ ತಮ್ಮ,
ನಿಕೇಶ್


20 ಜೂನ್ 2017

ನಿಕೇಶಾ,

ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಆಫೀಸಿನ ಸಾರ್ ಯಾರಿದ್ದಾರೋ ಅವರಿಗೂ ನಮಸ್ಕಾರ. ಸಾರ್, ನಮ್ಮ ಮನೆಯ ವಿಷಯ ನಿಮಗೆ ನಮ್ಮ ಅತ್ತೆಗಿಂತ ಹೆಚ್ಚು ಗೊತ್ತು, ಹಬ್ಬಕ್ಕೆ ಬನ್ನಿ.

ಇನ್ನು ನಿನಗೆ. ಊರೆಲ್ಲ ಬಿಟ್ಟು ನಿನ್ನನ್ನೇ ಹುಡುಕಿ ಗೇಟಿನಲ್ಲಿ ನಿಲ್ಲಿಸಬೇಕಿತ್ತೇ ಅವರಿಗೆ? ನೇಕಾರರ ಸಂಘದಲ್ಲಿ ಮಧ್ಯಾಹ್ನ ಊಟಕ್ಕೆ ನಮ್ಮ ಹುಡುಗಿಯರು ಜೈಲಿನ ಚಪಾತಿ ತರಿಸುವುದು ಹೊಸದೇನಲ್ಲ. ಅಗ್ಗ, ಮೆತ್ತಗೆ, ಮನೆಯಲ್ಲಿ ಒಲೆ ಹಚ್ಚುವ ಕೆಲಸವಿಲ್ಲ. ಇಷ್ಟು ದಿನ ನಾನೂ ಒಂದು ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ಯಾರು ಮಾಡಿದ್ದೋ ಏನೋ ಎಂದುಕೊಂಡು. ಈಗ ಪ್ಯಾಕೆಟ್ ಬಿಚ್ಚಿದ ಕೂಡಲೇ ಎಲ್ಲರೂ ನನ್ನ ಮುಖ ನೋಡುತ್ತಾರೆ.

"ಲಸಿತಾ, ನಿಂಗೆ ಹಸಿವಿಲ್ವಾ?"

"ಇಲ್ಲ ಕಣೆ. ಬೆಳಿಗ್ಗೆ ಪುಟ್ಟು ಜಾಸ್ತಿ ಆಯ್ತು."

ದಿನಾ ಪುಟ್ಟು ಜಾಸ್ತಿಯಾಗುವ ಮನೆ ನಮ್ಮದು ಎಂದು ಅವರು ನಂಬಿದ್ದಾರೆ, ಅಥವಾ ನಂಬಿದ ಹಾಗೆ ಮಾಡುತ್ತಾರೆ. ನಿವೇದ್ಯಳ ಶಾಲೆಯಲ್ಲಿ ಯಾವಳೋ "ನಿಮ್ಮ ಮಾವನ ಅಂಗಡಿ ಚಪಾತಿ ತಿಂದೆ" ಎಂದಳಂತೆ. ನನ್ನ ಮಗಳು ಎರಡು ದಿನ ಊಟದ ಡಬ್ಬಿ ಒಯ್ಯಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಇದೆಲ್ಲ ಯಾಕೆ ಬೇಕಿತ್ತು ಹೇಳು. ದುಬೈಯಿಂದ ನಿನ್ನ ಭಾವನೂ ಫೋನಿನಲ್ಲಿ ಕೇಳಿದರು, ವಿಷಯ ಅಲ್ಲಿಗೂ ಹೋಗಿದೆ.

ಸಾಹೇಬರ ಕಾಲು ಹಿಡಿದು ಒಳಗೆ ಹೋಗು. ಲಟ್ಟಿಸು, ಬೇಯಿಸು, ಏನು ಬೇಕಾದರೂ ಮಾಡು, ಕಾಣಿಸಿಕೊಳ್ಳಬೇಡ. ಅಮ್ಮನಿಗೆ ಹಿಂದಿನ ರಸ್ತೆಯ ವಿಷಯ ಹೇಳಿದೆ. ಯಾಕೆ ಎಂದು ಕೇಳಲಿಲ್ಲ, ಊರುಗೋಲು ಹುಡುಕಿದಳು.

ಪರೋಲಿನ ಬಗ್ಗೆ ನನ್ನನ್ನು ಕೇಳಬೇಡ. ಸೌಮಿನಿಯಮ್ಮ ನಮ್ಮ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದಾರೆ. ಅವರು ಏನು ಹೇಳಿದರೋ, ಪೊಲೀಸರು ಏನು ಬರೆದರೋ.

ಏಚಿ,
ಲಸಿತ


16 ಜುಲೈ 2017

ಏಚಿ,

ಒಳಗೆ ಹಾಕಿ ಎಂದು ಕೇಳಿದೆ. ಸಾಹೇಬರಿಗೆ ಬೇಸರವಾಯಿತು. "ಎಲ್ಲರೂ ಈ ಜಾಗಕ್ಕೆ ಬಾಯಿ ಬಾಯಿ ಬಿಡ್ತಾರೆ, ನಿಂಗೆ ಕೊಬ್ಬಾ?" ಅಂದರು. ಇಲ್ಲಿ ಒಳ್ಳೆಯ ಹೆಸರಿದ್ದರೆ ಬಿಡುಗಡೆ ಬೇಗ, ಒಳ್ಳೆಯ ಹೆಸರು ಬರುವುದು ಕೌಂಟರಿನಲ್ಲಿ. ಹಾಗಾಗಿ ನಿಂತಿದ್ದೇನೆ, ಕ್ಷಮಿಸು.

ಮೊನ್ನೆ ಒಂದು ಕಾಲೇಜಿನವರು ಸುಧಾರಣೆ ನೋಡಲು ಬಂದಿದ್ದರು. ನನ್ನನ್ನು, ಒಲೆಯನ್ನು, ಹಿಟ್ಟಿನ ಯಂತ್ರವನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಫೋಟೋ ತೆಗೆದರು. ಒಬ್ಬಳು ಹುಡುಗಿ "ಇಲ್ಲಿ ಕೆಲಸ ಮಾಡುವಾಗ ನಿಮಗೆ ಹೇಗನ್ನಿಸುತ್ತೆ?" ಎಂದು ಕೇಳಿದಳು. "ಸೆಖೆ" ಅಂದೆ. ಬರೆದುಕೊಂಡಳು. ಚಪಾತಿಯ ಮೇಲೆ ನನಗೆ ಸಿಟ್ಟಿಲ್ಲ. ಅದರಿಂದ ಕೈಗೊಂದು ಕೆಲಸ, ಮಲಗಿದರೆ ನಿದ್ದೆ. ಆದರೆ ಅವರು ಒಲೆಯಿಂದಾಚೆ ಬರಲಿಲ್ಲ. ಹಿಂದಿನ ಬ್ಲಾಕಿನಲ್ಲಿ ಒಬ್ಬರ ಕಾಲ ಮೇಲೆ ಇನ್ನೊಬ್ಬರ ತಲೆ ಇಟ್ಟು ಮಲಗುತ್ತೇವೆ, ಅದನ್ನು ಯಾರೂ ತೋರಿಸಲಿಲ್ಲ. ಪೊಕ್ಕನ್ ಮೂಪ್ಪನನ್ನೂ ತೋರಿಸಲಿಲ್ಲ.

ಪೊಕ್ಕನ್ ಮೂಪ್ಪ ನನ್ನ ಪಕ್ಕದ ಚಾಪೆಯ ಮುದುಕ. ಯಾರದೋ ತೋಟದಿಂದ ತೆಂಗಿನಕಾಯಿ ಕದ್ದ ಕೇಸು. ತೀರ್ಪಾಗಿಲ್ಲ. ಜಾಮೀನು ಸಿಕ್ಕಿ ವರ್ಷವಾಗುತ್ತ ಬಂತು, ಜಾಮೀನಿಗೆ ನಿಲ್ಲುವವರು ಸಿಕ್ಕಿಲ್ಲ. ಜಮೀನಿನ ತೆರಿಗೆ ರಸೀದಿ ಹಿಡಿದು ಒಬ್ಬರು ಕೋರ್ಟಿಗೆ ಬಂದರೆ ಸಾಕು, ಮುದುಕ ಹೊರಗೆ. ಮೂವರು ತಮ್ಮಂದಿರಿಗೂ ಜಮೀನಿದೆ. ಕೇಳಿದರೆ ನನ್ನನ್ನು ಮಗನೇ ಎಂದು ಕರೆದು ಅವರ ಪರವಾಗಿಯೇ ಮಾತಾಡುತ್ತಾನೆ: "ಪಾಪ, ಅವ್ರಿಗೆ ಕೆಲ್ಸ ಇರ್ತದೆ ಮೋನೇ. ಕೋರ್ಟಿಗೆ ಬಂದು ನಾನು ಇವ್ನ ತಮ್ಮ ಅಂತ ಹೇಳೋಕೆ ನಾಚಿಕೆ ಆಗೋಲ್ವಾ?" ನಮ್ಮ ಹೊಸ ವೆಲ್‌ಫೇರ್ ಆಫೀಸರ್ ಹಸೀನಾ ಮೇಡಂ ಇದನ್ನು ಹಿಡಿದು ಓಡಾಡುತ್ತಿದ್ದಾರೆ. ಬಡವನ ಮಾತಿನ ಮೇಲೆ ಬಿಟ್ಟರೆ ಅವನೇನು ವಿಮಾನ ಹತ್ತುತ್ತಾನೆಯೇ ಎಂದು ಅವರ ವಾದ. ಮೇಲಿನವರು ಫೈಲು ನೋಡುತ್ತಿದ್ದಾರಂತೆ.

ಇದನ್ನೆಲ್ಲ ಯಾಕೆ ಬರೆದೆ ಎಂದರೆ, ಬರೆಯಬೇಕಾದದ್ದನ್ನು ಬರೆಯಲು ಕೈ ಬರುತ್ತಿಲ್ಲ. ಒಂದು ಮಂಗಳವಾರ ಸೌಮಿನಿಯಮ್ಮ ಬಂದಿದ್ದರು. ನನ್ನನ್ನು ನೋಡಲು ಅಲ್ಲ, ಕೌಂಟರಿಗೆ. ಸಾಲಿನಲ್ಲಿ ನಿಂತರು. ಸರದಿ ಬಂತು. "ಬಿಸಿ ಇದೆಯಾ?" ಎಂದು ಕೇಳಿದರು, ಬೇರೆ ಗಿರಾಕಿಗಳು ಕೇಳುವ ಹಾಗೆಯೇ. ನಾನು ಪ್ಯಾಕೆಟ್ ಮುಂದಿಟ್ಟೆ, ಹಿಂದೆ ಕೂತಿದ್ದ ವಾರ್ಡನ್ನೇ "ಇದೆ" ಅಂದ. ತೆಗೆದುಕೊಂಡು ಹೋದರು. ನಂತರದ ಮಂಗಳವಾರವೂ ಬಂದರು. ಈಗ ಆ ದಿನ ಬೆಳಗಿನಿಂದಲೇ ಸಾಲಿನಲ್ಲಿ ಅವರನ್ನೇ ಹುಡುಕುತ್ತಿರುತ್ತೇನೆ.

ನಿಕೇಶ್


24 ಜುಲೈ 2017

ನಿಕೇಶಾ,

ಸೌಮಿನಿಯಮ್ಮ ಬೇರೇನಾದರೂ ಹೇಳಿದರೇ? ಸರಿಯಾಗಿ ನೆನಪು ಮಾಡಿಕೊಂಡು ಬರೆ. ಅವರ ಹತ್ತಿರ ನೀನು ಮಾತಿಗೆ ಹೋಗಬೇಡ. ಮಗನನ್ನು ಕಳೆದುಕೊಂಡವರು, ಒಂದಿರುತ್ತದೆ ಒಂದಿರುವುದಿಲ್ಲ, ಏನೇನೋ ಹೇಳುತ್ತಾರೆ. ಮಂಗಳವಾರ ಹೊಟ್ಟೆನೋವು ಎಂದು ಹೇಳಿ ಒಳಗಿರು.

ಅಮ್ಮ ಆರಾಮ. ನಿವೇದ್ಯ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದಾಳೆ. ಮಗ್ಗದ ಮೇಲೆ ಸೀರೆ ಬಿಟ್ಟು ಬಂದಿದ್ದೇನೆ, ಹೆಚ್ಚು ಬರೆಯಲಾಗದು.

ಲಸಿತ


21 ಆಗಸ್ಟ್ 2017

ಏಚಿ,

ಹೊಟ್ಟೆನೋವು ಎಂದು ಎರಡು ವಾರ ಹೇಳಿದೆ, ಮೂರನೆಯ ವಾರ ಡಾಕ್ಟರ್ ಗುಳಿಗೆ ಕೊಟ್ಟು ಕಳಿಸಿದರು.

ಆವತ್ತು ಜನ ಕಡಿಮೆ. ಸೌಮಿನಿಯಮ್ಮ ಪ್ಯಾಕೆಟ್ ಕೈಯಲ್ಲಿ ಹಿಡಿದು ಅಲ್ಲೇ ನಿಂತರು.

"ವಿಷುಗೂ ಬರ್ಲಿಲ್ಲ. ಈಗ ಓಣಂ ಬಂತು. ಎಲ್ಲರ ಮಕ್ಳೂ ಪರೋಲಲ್ಲಿ ಬಂದು ಹೋಗ್ತಾರೆ. ನೀನ್ಯಾಕೋ ಬರೋದಿಲ್ಲ? ನನ್ನ ಮುಖ ನೋಡ್ಬೇಕಾಗ್ತದೆ ಅಂತಾನಾ?"

"ನೀವು ಬೇಡ ಅಂದ್ರಲ್ಲ..."

"ನಾನಾ?" ಅವರ ದನಿ ಏರಿತು. "ಪೊಲೀಸ್ನೋರು ಬಂದಾಗೆಲ್ಲ ಬರ್ಲಿ ಅಂತಾನೇ ಹೇಳಿದೀನಿ. ನಿನ್ನ ಮೇಲೆ ಪ್ರೀತಿ ಉಕ್ಕಿ ಅಲ್ಲ, ತಿಳ್ಕೋ. ನಂಗೆ ಕೇಳೋದಿದೆ. ನನ್ನ ಮಗನ ಕೊನೇ ಗಳಿಗೇಲಿ ಪಕ್ಕದಲ್ಲಿದ್ದೋನು ನೀನು. ಕೋರ್ಟಲ್ಲಿ ವಕೀಲ ಹೇಳ್ಕೊಟ್ಟ ಅಂತ ಬಾಯಿ ಹೊಲ್ಕೊಂಡು ನಿಂತೆ. ಅದೇನು ಈ ಕಂಬಿ ಸಂದೀಲಿ ಚಪಾತಿ ಹಿಡ್ಕೊಂಡು ಕೇಳೋ ಮಾತಾ? ಮನೆಗೆ ಬಾ. ಕೂತ್ಕೊಂಡು ಹೇಳು."

ಹಿಂದಿದ್ದವನು "ಬೇಗ ಬೇಗ" ಅಂದ, ಅವರು ಹೊರಟುಹೋದರು.

ಏಚಿ, ಇಷ್ಟು ದಿನ ಅವರೇ ಬೇಡ ಎಂದಿದ್ದಾರೆ ಎಂದುಕೊಂಡು ಅವರ ಮೇಲೆ ಒಳಗೊಳಗೇ ಕೊಂಚ ಸಿಟ್ಟನ್ನೂ ಇಟ್ಟುಕೊಂಡಿದ್ದೆ. ಮಗನನ್ನು ಕೊಂದದ್ದಲ್ಲದೆ ಇದೊಂದು ಬೇರೆ. ಹಾಗಾದರೆ ಬೇಡ ಎಂದವರು ಯಾರು? ಜಿತೇಶನ ಸೋದರಮಾವ ಇರಬಹುದೇ? ಹಸೀನಾ ಮೇಡಂಗೆ ಗೊತ್ತಿದೆ ಎಂದು ನನಗೆ ಅನ್ನಿಸುತ್ತದೆ. ಕೇಳಿದರೆ ನೆಲ ನೋಡುತ್ತಾರೆ, "ಮನೆಯವರನ್ನೇ ಕೇಳಿ" ಅನ್ನುತ್ತಾರೆ. ನಿನಗೇನಾದರೂ ಗೊತ್ತೇ?

ನಿಕೇಶ್


10 ಸೆಪ್ಟೆಂಬರ್ 2017

ನಿಕೇಶಾ,

ಓಣಂ ಮುಗಿಯಲಿ ಎಂದು ಕಾದೆ. ಮುಗಿಯಿತು. ಅಮ್ಮ ನಿನ್ನ ಹೆಸರಿನಲ್ಲಿ ಒಂದು ಎಲೆ ಹಾಕಿ ಬಡಿಸಿದಳು, ನಾವೆಲ್ಲ ಅದರ ಪಕ್ಕದಲ್ಲಿ ಕೂತು ಉಂಡೆವು. ನಾನು ಪಾಯಸ ಎಲೆಯಲ್ಲೇ ಬಿಟ್ಟು ಎದ್ದೆ.

ಬೇಡ ಎಂದವಳು ನಾನು.

ಬರೆದಾಯಿತು. ಇನ್ನು ಪೂರ್ತಿ ಕೇಳು. ಅರ್ಜಿ ಹಾಕಿದ ಮೇಲೆ ಪೊಲೀಸರು ಮೊದಲು ಬರುವುದು ಕೈದಿಯನ್ನು ಬರಮಾಡಿಕೊಳ್ಳುವ ಮನೆಗೆ. ಆಮೇಲೆ ಅಕ್ಕಪಕ್ಕಕ್ಕೆ. ಮೊದಲ ಸಲ ಬಂದದ್ದು ಜೀಪಿನಲ್ಲಿ. ಅಮ್ಮ ರೇಷನ್ ಅಂಗಡಿಗೆ ಹೋಗಿದ್ದಳು. ಅಂಗಳದಲ್ಲಿ ನಿವೇದ್ಯ ಗೆಳತಿಯರ ಜೊತೆ ಆಡುತ್ತಿದ್ದಳು. ಪೊಲೀಸಿನವನು ಗೇಟಿನಲ್ಲೇ ನಿಂತು ಕೂಗಿದ:

"ನಿಕೇಶ್ ಅನ್ನೋ ಕೈದಿ ಈ ಮನೆಯೋನಾ?"

"ಒಳಗೆ ಬನ್ನಿ ಸಾರ್."

"ಒಳಗೇನೂ ಬೇಡ. ಪರೋಲ್ ಕೇಳಿದಾನೆ. ಸೇರಿಸ್ಕೊಳ್ತೀರಾ ಇಲ್ವಾ?"

ಓಣಿಯ ಬೇಲಿಗಳಿಗೆಲ್ಲ ತಲೆ ಮೂಡಿದವು. ಆಡುತ್ತಿದ್ದ ಹುಡುಗಿಯರು ನಿಂತುಬಿಟ್ಟರು. ನಿವೇದ್ಯ ನನ್ನ ಕಡೆ ನೋಡಲಿಲ್ಲ, ಚೆಂಡನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಸದ್ಯಕ್ಕೆ ಬೇಡ ಸಾರ್."

"ಸದ್ಯಕ್ಕೆ ಗಿದ್ಯಕ್ಕೆ ಇದ್ರಲ್ಲಿ ಬರಿಯೋಕಾಗಲ್ಲ. ಹೂಂನೋ ಉಹೂಂನೋ?"

"ಉಹೂಂ."

ಆ ಪೊಲೀಸಿನವನನ್ನು ಬೈದುಕೊಂಡು ನಾನು ಬಹಳ ದಿನ ಬದುಕಿದೆ. ಮನೆಯ ಮಾತನ್ನು ಬೀದಿಯಲ್ಲಿ ನಿಂತು ಕೇಳಿದರೆ ಯಾರು ತಾನೆ ಹೂಂ ಅನ್ನುತ್ತಾರೆ? ಜೀಪು ಬಿಟ್ಟು ಬಂದು, ಮೆಲ್ಲಗೆ ಕೂತು ಕೇಳಿದ್ದರೆ ಹೂಂ ಅನ್ನುತ್ತಿದ್ದೆ ಎಂದುಕೊಂಡೆ. ಎರಡನೆಯ ಸಲ ಬಂದವನು ಬೇರೆ. ಒಳ್ಳೆಯವನು. ಚಪ್ಪಲಿ ಬಿಟ್ಟು ಒಳಗೆ ಬಂದ, ಚಹಾ ಕುಡಿದ, ಮೆಲ್ಲಗೇ ಕೇಳಿದ. ಆಗಲೂ ಉಹೂಂ ಅಂದೆ. ಮೂರನೆಯ ಸಲವೂ ಅಂದೆ. ಅದಕ್ಕೆ ಯಾರನ್ನು ಬೈಯಲಿ?

ನಿನ್ನ ಮೇಲೆ ದ್ವೇಷ ಅಂತಲ್ಲ. ನೀನು ಜೈಲಿನಲ್ಲಿದ್ದರೆ ನಾವು ಪಾಪದವರು, ಜನ ಮರುಗುತ್ತಾರೆ. ನೀನು ಮನೆಯಲ್ಲಿದ್ದರೆ ನಾವು ಕೊಲೆಗಾರನಿಗೆ ಅನ್ನ ಹಾಕುವವರು. ಈ ಮನೆ ಭಾವನ ದುಡಿಮೆಯಲ್ಲಿ ಎದ್ದದ್ದು, ನಾಳೆ ನಿವೇದ್ಯಳನ್ನು ನೋಡಲು ಬರುವವರು ಇದೇ ಗೇಟಿನಿಂದ ಬರಬೇಕು ಎಂದೆಲ್ಲ ಲೆಕ್ಕ ಹಾಕಿದೆ. ನಿನ್ನ ಗಂಜಿಯ ಲೆಕ್ಕ ಹಾಕಲಿಲ್ಲ. ಮೇಲಿಂದ ತಪ್ಪನ್ನು ಸೌಮಿನಿಯಮ್ಮನ ತಲೆಗೆ ಕಟ್ಟಿದೆ. ಮಗನನ್ನು ಕಳೆದುಕೊಂಡವಳ ತಲೆಗೆ. ಬರೆಯುವಾಗ ನನಗೇ ನನ್ನ ಮುಖ ಬೇಡವೆನ್ನಿಸುತ್ತಿದೆ.

ಅಮ್ಮನಿಗೆ ಗೊತ್ತಿಲ್ಲ, ಮೂರು ಸಲವೂ ಅವಳು ಮನೆಯಲ್ಲಿರಲಿಲ್ಲ.

ಲಸಿತ


3 ಅಕ್ಟೋಬರ್ 2017

ನಿಕೇಶಾ,

ಉತ್ತರ ಬರಲಿಲ್ಲ. ಹೋದ ತಿಂಗಳು ನಾನು ಬರಲಿಲ್ಲ, ಅಮ್ಮನೊಬ್ಬಳನ್ನೇ ಕಳಿಸಿದೆ. ನೀನು ಅವಳ ಹತ್ತಿರ ಎಲ್ಲ ಹೇಳುತ್ತೀ ಎಂದು ಸಂಜೆಯವರೆಗೆ ಬಾಗಿಲಲ್ಲೇ ಕೂತಿದ್ದೆ. ಅವಳು ಬಂದು "ಹುಡುಗ ಸೊರಗಿದಾನೆ" ಎಂದಷ್ಟೇ ಹೇಳಿ ಕಾಲು ತೊಳೆದಳು. ನೀನು ಹೇಳಿದ್ದರೆ ಒಳ್ಳೆಯದಿತ್ತು. ರಾತ್ರಿ ನಾನೇ ಹೇಳಿದೆ. ಅವಳು ಬೈಯಲಿಲ್ಲ. ಅಂದಿನಿಂದ ನನ್ನ ಕೈಯಿಂದ ನೀರನ್ನೂ ಇಸಿದುಕೊಳ್ಳುವುದಿಲ್ಲ, ತಾನೇ ಎದ್ದು ಹೋಗಿ ಕುಡಿಯುತ್ತಾಳೆ.

ಮತ್ತೆ ಅರ್ಜಿ ಹಾಕು. ಈ ಸಲ ಹೂಂ ಅನ್ನುತ್ತೇನೆ. ಬೇಕಾದರೆ ಜೀಪಿನಲ್ಲೇ ಬರಲಿ.

ಲಸಿತ


19 ನವೆಂಬರ್ 2017

ಏಚಿ,

ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ನಿನ್ನ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಬಿಡಿಸಲು ಬರುತ್ತಿಲ್ಲ. ಮನೆಯ ಬಾಗಿಲು ಮುಚ್ಚುವ ಹಾಗೆ ಮಾಡಿಕೊಂಡವನು ನಾನು. ಮುಚ್ಚಿದವಳು ನೀನು. ಪೊಕ್ಕನ್ ಮೂಪ್ಪ ತನ್ನ ತಮ್ಮಂದಿರ ಪರ ಮಾತಾಡುವಾಗ ಮೊದಲು ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ. ನಾನೂ ನಿನ್ನ ಪರವಾಗಿ ಹಾಗೇ ಮಾತಾಡಿ ನೋಡಿದೆ, ಅವನ ಹತ್ತಿರವೇ. ಅವನು "ಹೂಂ ಮೋನೇ, ಅವ್ಳಿಗೂ ಕೆಲ್ಸ ಇರ್ತದೆ" ಅಂದ.

ಅರ್ಜಿ ಹೋಗಿದೆ. ನಿನ್ನ ಕಾಗದ ಬರುವ ಮೊದಲೇ ಹೋಗಿತ್ತು ಎಂದು ಬರೆಯೋಣ ಎಂದಿದ್ದೆ. ಅದು ನಿಜವಲ್ಲ. ಕಾಗದ ಬಂದ ಮೇಲೆಯೇ ಹೋದದ್ದು. ಬರಮಾಡಿಕೊಳ್ಳುವ ಮನೆ ಎಂಬಲ್ಲಿ ನಮ್ಮ ಮನೆಯ ಹೆಸರಿಲ್ಲ. ಸೌಮಿನಿಯಮ್ಮನ ಹೆಸರಿದೆ.

ನಾನು ಕೇಳಿದ್ದಲ್ಲ, ಬೇಡ ಎಂದವರು ನಮ್ಮ ಮನೆಯವರೇ ಎಂದಷ್ಟೇ ಅವರಿಗೆ ಹೇಳಿದ್ದೆ. ಅವರು ಒಂದು ಮಂಗಳವಾರ ಕೌಂಟರು ಬಿಟ್ಟು ಸೀದಾ ಗೇಟಿಗೆ ಹೋಗಿ ಹಸೀನಾ ಮೇಡಂ ಎಲ್ಲಿ ಎಂದು ಕೇಳಿದರಂತೆ. ಅವನ ಮನೆಯವರಿಗೆ ಬೇಡವಾದರೆ ನನ್ನ ಮನೆಗೆ ಕಳಿಸಿ ಅಂದರಂತೆ. ಮೇಡಂ ಕುರ್ಚಿಯಿಂದ ಎದ್ದುಬಿಟ್ಟರಂತೆ. ಅರ್ಜಿಯಲ್ಲಿ "ಕೈದಿಗೆ ಏನಾಗಬೇಕು" ಎಂದು ಬರೆಯುವ ಜಾಗವಿದೆಯಲ್ಲ, ಅಲ್ಲಿ ಏನು ಬರೆಯುವುದು ಎಂದು ಇಬ್ಬರೂ ಬಹಳ ಹೊತ್ತು ಕೂತರು. ಕೊನೆಗೆ ಸೌಮಿನಿಯಮ್ಮನೇ "ಮಗನ ಗೆಳೆಯ" ಎಂದು ಬರೆಸಿದರು.

ಸಾಹೇಬರು ಒಪ್ಪಲಿಲ್ಲ. "ಸತ್ತವ್ನ ಮನೆಗೇನಾ? ನಾಳೆ ಏನಾದ್ರೂ ಆದ್ರೆ ನನ್ನ ಟೋಪಿ ಹೋಗ್ತದೆ ಮೇಡಂ."

"ಸಾರ್, ಕೊಂದವ್ನೂ ಕಳ್ಕೊಂಡೋಳೂ ಒಂದ್ಸಲ ಎದುರು ಬದುರು ಕೂರೋ ವ್ಯವಸ್ಥೆ ನಮ್ಮಲ್ಲಿಲ್ಲ. ಅವ್ರೇ ಮಾಡ್ಕೊಳ್ತಿದಾರೆ. ಚಪಾತಿ ಫೋಟೋದಲ್ಲಿ ಬರ್ತದೆ, ಇದು ಬರಲ್ಲ, ಅಷ್ಟೇ ವ್ಯತ್ಯಾಸ."

ಇದನ್ನು ಬಾಗಿಲ ಹೊರಗೆ ನಿಂತು ನಾನೇ ಕೇಳಿದ್ದು. ಏನಾಗುತ್ತದೋ ಗೊತ್ತಿಲ್ಲ. ಸಿಗದಿದ್ದರೇ ಒಳ್ಳೆಯದು ಎಂದು ಕೆಲವು ರಾತ್ರಿ ಅನ್ನಿಸುತ್ತದೆ, ಅವರು ಕೇಳಲಿರುವುದು ಏನೆಂದು ನನಗೆ ಗೊತ್ತಲ್ಲ.

ನಿಕೇಶ್


8 ಫೆಬ್ರವರಿ 2018

ಏಚಿ,

ಸಾಹೇಬರು ಕೊನೆಗೂ ಒಪ್ಪಿ ಕೊಟ್ಟ ಪರೋಲ್ ಮುಗಿಸಿ ಬಂದು ವಾರವಾಯಿತು. ಊರಿನಲ್ಲಿ ನಿನಗೆ ಹೇಳಲಾಗದ್ದನ್ನು ಬರೆಯುತ್ತೇನೆ.

ಬಂದ ದಿನ ನಮ್ಮ ಗೇಟು ದಾಟಿ ಹೋಗಬೇಕಾಯಿತು. ನೀನು ಕಿಟಕಿಯಲ್ಲಿದ್ದದ್ದನ್ನು ನಾನು ನೋಡಿದೆ. ಅಮ್ಮ ಗೇಟಿನಲ್ಲೇ ನನ್ನ ಕೈ ಹಿಡಿದುಕೊಂಡು ಸೌಮಿನಿಯಮ್ಮನ ಬಾಗಿಲವರೆಗೂ ಬಂದಳು, ಮದುವೆಯಾದ ಮಗಳನ್ನು ಬಿಟ್ಟು ಬರುವವಳ ಹಾಗೆ. ಜಿತೇಶನ ಫೋಟೋ ಮುಂದಿನ ಕೋಣೆಯಲ್ಲಿದೆ. ಅದರ ಕೆಳಗೆ ನನಗೆ ಚಾಪೆ ಹಾಸಿದ್ದರು.

ಮರುದಿನ ಸಂಜೆ ಅವರು ಎದುರಿಗೆ ಬಂದು ಕೂತರು. "ಹೇಳು" ಅಂದರು. ಹೇಳಿದೆ. ಅವನನ್ನು ಒಬ್ಬನೇ ಆಚೆ ದಡಕ್ಕೆ ಕಳಿಸುವ ಆಟ ಎಂದು, ಹುಟ್ಟು ಕಿತ್ತುಕೊಂಡೆವು ಎಂದು, ಹೆಂಡತಿ ಬೇಕಾದರೆ ಬಾಯಲ್ಲಿ ದೋಣಿ ನಡೆಸಿಕೊಂಡು ಹೋಗು ಎಂದು ನಾನೇ ಕೂಗಿದೆ ಎಂದು. ಅವನೂ ನಗುತ್ತಿದ್ದ ಎಂದು.

"ಕೊನೇಗೆ ಏನಂದ?"

"ಗಂಟು ಬಿಗಿಯಾಯ್ತು, ಸ್ವಲ್ಪ ಸಡಿಲ ಮಾಡೋ ಅಂದ."

"ನೀನು?"

"ಮಾಡ್ಲಿಲ್ಲ. ದೋಣಿ ತಳ್ಳಿದೆ."

ಕೋರ್ಟಿನಲ್ಲಿ ಇದನ್ನು ಯಾರೂ ಕೇಳಲಿಲ್ಲ ಏಚಿ. ಯಾರು ಕಟ್ಟಿದರು, ಯಾರು ತಳ್ಳಿದರು, ನೀರು ಎಷ್ಟು ಆಳ, ಅಷ್ಟೇ. ನೀವು ಬಾಯಿ ಬಿಟ್ಟರೆ ಇನ್ನೂ ಮೂರು ವರ್ಷ ಹೆಚ್ಚು ಎಂದು ವಕೀಲರು ಹೇಳಿದ್ದರು.

ಸೌಮಿನಿಯಮ್ಮ ಎದ್ದರು. "ನಾಳೆ ಬೆಳಗಾಗೋವರೆಗೂ ನನ್ನ ಕಣ್ಣಿಗೆ ಬೀಳ್ಬೇಡ" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಎಲ್ಲಿಗೆ ಹೋಗಲಿ? ಆ ಮನೆ ಬಿಟ್ಟು ಬೇರೆಡೆ ಮಲಗಿದರೆ ಪರೋಲ್ ಮುರಿದ ಹಾಗೆ. ಜಗಲಿಯ ಮೇಲೆ ಕೂತೆ. ಒಳಗೆ ಅವರು ಅಳುವುದು ಕೇಳುತ್ತಿತ್ತು. ಜೈಲಿನಲ್ಲಿ ಕಳೆದ ಯಾವ ರಾತ್ರಿಯೂ ನನಗೆ ಶಿಕ್ಷೆ ಅನ್ನಿಸಿರಲಿಲ್ಲ, ಅದು ಅನ್ನಿಸಿತು.

ಬೆಳಿಗ್ಗೆ ಗಂಜಿ ತಂದಿಟ್ಟರು. "ಇದನ್ನ ಆಗ್ಲೇ ಹೇಳಿದ್ರೆ ಇಷ್ಟು ವರ್ಷ ಅವ್ನು ಅಮ್ಮಾ ಅಂತ ಕೂಗಿದ್ನೋ ಏನೋ ಅಂತ ನಾನು ನಿದ್ದೆ ಕೆಡ್ತಿರ್ಲಿಲ್ಲ" ಅಂದರು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಉಳಿದ ದಿನ ತೆಂಗಿನ ಬುಡ ಬಿಡಿಸಿದೆ, ಅವರು ಹೇಳಿದ ಕೆಲಸ ಮಾಡಿದೆ.

ಕೊನೆಯ ದಿನ ನೀನು ಬಂದೆ. ಸೌಮಿನಿಯಮ್ಮ ಚಹಾ ಕೊಟ್ಟಾಗ ಕುರ್ಚಿಯ ಅಂಚಿನಲ್ಲಿ ಕೂತಿದ್ದೆ, ಪರವೂರಿನವಳ ಹಾಗೆ. ನಾನೂ ಹಾಗೇ ಕೂತಿದ್ದೆ. "ಸೊರಗಿದೀಯ" ಅಂದೆ ನೀನು. "ನೀನೂ" ಅಂದೆ ನಾನು. ಬೇರೇನೂ ಆಡಲಿಲ್ಲ ನಾವು. ಅದಕ್ಕೇ ಇದನ್ನು ಬರೆಯುತ್ತಿರುವುದು.

ಪೊಕ್ಕನ್ ಮೂಪ್ಪ ಈಗಲೂ ನನ್ನ ಪಕ್ಕದಲ್ಲೇ ಇದ್ದಾನೆ.

ನಿಕೇಶ್


14 ಮೇ 2018

ನಿಕೇಶಾ,

ನಿನ್ನೆ ನಿನ್ನ ಮುಂದಿನ ಪರೋಲಿನ ವಿಚಾರಣೆಗೆ ಪೊಲೀಸಿನವನು ಬಂದಿದ್ದ. ಎಲ್ಲರೂ ಸಾಕಷ್ಟು ದೂರು ಕೊಟ್ಟ ಮೇಲೆ ನಿಮ್ಮ ಮೇಡಂ ಏನೋ ಮಾಡಿರಬೇಕು. ಜೀಪಿಲ್ಲ, ಖಾಕಿಯಿಲ್ಲ, ಬೈಕಿನಲ್ಲಿ ಮಾಮೂಲಿ ಅಂಗಿ ಹಾಕಿಕೊಂಡು ಬಂದ ಹೊಸ ಹುಡುಗ.

ನಾನು ಬೆಳಗ್ಗೆಯೇ ತಲೆಗೆ ಎಣ್ಣೆ ಹಾಕಿ ಸ್ನಾನ ಮಾಡಿ ಕಾದಿದ್ದೆ. ಅರ್ಜಿಯಲ್ಲಿ ಯಾವ ಮನೆ ಬರೆದಿದ್ದೀ ಎಂದು ನೀನು ತಿಳಿಸಿರಲಿಲ್ಲ. ಈ ಸಲ ನಮ್ಮದೇ ಇರಬಹುದು ಎಂದು ನಾನಾಗಿಯೇ ಅಂದುಕೊಂಡೆ. ಭಾವನಿಗೂ ಫೋನಿನಲ್ಲಿ ಹೇಳಿದ್ದೆ, ಜಗಳವಾಡಿಯೇ ಹೇಳಿದ್ದೆ. ಹಿಂದಿನ ಕೋಣೆಯನ್ನು ನಿವೇದ್ಯಳೇ ಗುಡಿಸಿದಳು. ಬೈಕು ನಮ್ಮ ಗೇಟಿನ ಮುಂದೆ ನಿಧಾನವಾಯಿತು. ನಾನು ಎದ್ದು ನಿಂತೆ. ಅದು ಮುಂದೆ ಹೋಗಿ ಸೌಮಿನಿಯಮ್ಮನ ಮನೆಯ ಮುಂದೆ ನಿಂತಿತು.

ಅಲ್ಲಿ ಬಹಳ ಹೊತ್ತಾಯಿತು. ಆಮೇಲೆ ಅವನು ನಮ್ಮ ಅಂಗಳಕ್ಕೆ ಬಂದ. ಕೂರುತ್ತೀರಾ ಎಂದೆ. ಕೂತ. ಬಹಳ ಮೆಲ್ಲಗೆ ಕೇಳಿದ, ನನ್ನನ್ನು ಬಿಟ್ಟು ಇನ್ನೊಬ್ಬರಿಗೆ ಕೇಳದ ಹಾಗೆ.

"ಪಕ್ಕದ್ಮನೆಗೆ ಒಬ್ಬ ಕೈದಿ ಪರೋಲಲ್ಲಿ ಬರ್ತಾನೆ ಚೇಚಿ. ಹೋದ್ಸಲವೂ ಬಂದಿದ್ನಂತೆ. ಅಕ್ಕಪಕ್ಕದೋರಿಗೆ ಏನಾದ್ರೂ ತಕರಾರಿದ್ಯಾ ಅಂತ ಕೇಳ್ಬೇಕು. ನಿಮ್ಗೆ ಏನಾದ್ರೂ ತೊಂದ್ರೆ?"

"ಇಲ್ಲ."

"ಅವ್ನನ್ನ ಮೊದ್ಲಿಂದ ಗೊತ್ತಾ?"

"ನನ್ನ ತಮ್ಮ."

ಪಾಪ, ಹುಡುಗ ಪೆನ್ನು ಎತ್ತಿ ನನ್ನ ಮುಖ ನೋಡಿದ. ಮನೆ ನೋಡಿದ, ಬೇಲಿ ನೋಡಿದ, ಆಚೆ ಮನೆ ನೋಡಿದ. ಕುತ್ಸಿತವೇನೂ ಇರಲಿಲ್ಲ ಅವನಲ್ಲಿ, ಅರ್ಥವಾಗದೆಯೇ ಕೇಳಿದ.

"ಸ್ವಂತ ತಮ್ಮಾನಾ? ಮತ್ತೆ ಅವ್ನು ಆ ಮನೆಗ್ಯಾಕೆ ಹೋಗ್ತಾನೆ?"

ಒಳಗೆ ಅಮ್ಮ ಇದ್ದಳು. ಬಾವಿಕಟ್ಟೆಯ ಹತ್ತಿರ ಸಂಘದ ಹುಡುಗಿಯರಿಬ್ಬರು ಕೊಡ ಇಳಿಸಿ ನಿಂತಿದ್ದರು. ಬೇಲಿಯಾಚೆ ಸೌಮಿನಿಯಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಿದ್ದರು. ಮೆಲ್ಲಗೆ ಹೇಳಿದ್ದರೂ ನಡೆಯುತ್ತಿತ್ತು, ಅವನೂ ಮೆಲ್ಲಗೇ ಕೇಳಿದ್ದ. ನಾನೇ ದನಿ ಎತ್ತಿದೆ.

"ಈ ಮನೆಗೆ ಬೇಡ ಅಂತ ನಾನು ಮೂರು ಸಲ ಹೇಳಿದೀನಿ, ಅದಕ್ಕೆ."

ಅವನು ಅದನ್ನೂ ಬರೆದುಕೊಂಡ.

ನಿನ್ನ ಅಕ್ಕ,
ಲಸಿತ